ಪಾಸ್‌ಪೋರ್ಟಿನ ಪ್ರಕಾರ ವಿದೇಶ, ತಮ್ಮನ ಪ್ರಕಾರ ಊರು

ಕಡಿಮೆ ಖರ್ಚಿನಲ್ಲಿ ಕಡಲ ಬದಿಯಲ್ಲಿ ನಿವೃತ್ತ ಜೀವನ ಕಳೆಯಬಹುದಾದ ವಿದೇಶಿ ಊರುಗಳ ಪಟ್ಟಿಗೆ ಅಮೆರಿಕದಲ್ಲಿ ಬರವಿಲ್ಲ. ಅರುವತ್ತು ದಾಟಿದವರು ಊಟದ ಬಿಡುವಿನಲ್ಲಿ ಓದುವುದೇ ಅದನ್ನು. ಮಲೇಷ್ಯಾದ ಪೆನಾಂಗ್, ವಿಯೆಟ್ನಾಮಿನ ಡಾ ನಾಂಗ್, ಪೋರ್ಚುಗಲ್ಲಿನ ತೀರದ ಊರುಗಳು, ಪನಾಮಾ. ನಮ್ಮ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ನನ್ನ ಪಕ್ಕದ ಮೇಜಿನವನು ಪನಾಮಾಕ್ಕೇ ಹೋದ. ತಿಂಗಳಿಗೆ 1,000 ಡಾಲರ್ ಪಿಂಚಣಿ ಬದುಕಿರುವವರೆಗೂ ಬರುತ್ತದೆ ಎಂದು ತೋರಿಸಿದರೆ ಆ ದೇಶ ಪಿಂಚಣಿದಾರರ ವೀಸಾ ಕೊಡುತ್ತದೆ. ಪೋರ್ಚುಗಲ್ ತನ್ನ ಕನಿಷ್ಠ ವೇತನವನ್ನು ಅಳತೆಗೋಲಾಗಿ ಇಟ್ಟುಕೊಂಡು ಆದಾಯ ಕೇಳುತ್ತದೆ. ಮಲೇಷ್ಯಾ 2024ರಲ್ಲಿ ನಿಯಮ ಬದಲಿಸಿತು. ಬೆಳ್ಳಿ ದರ್ಜೆಯ ಪರವಾನಗಿಗೇ 1,50,000 ಡಾಲರ್ ಠೇವಣಿ ಇಡಬೇಕು, ಮನೆಯನ್ನೂ ಕೊಳ್ಳಬೇಕು.

ಕಾಸರಗೋಡು ಇಂಥ ಯಾವ ಪಟ್ಟಿಯಲ್ಲೂ ಇರಲಿಲ್ಲ. ನಾನು ಬಂದು ನೆಲೆಸಿದ್ದು ಅಲ್ಲಿಗೆ.

ನಾನು ಹುಟ್ಟಿದ್ದು ಪೆರ್ಲದ ಬದಿಯಲ್ಲಿ, ಎಣ್ಮಕಜೆ ಗ್ರಾಮದಲ್ಲಿ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ, ಎಂಜಿನಿಯರಿಂಗ್ ಮುಗಿಸಿ, ಎಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಹೋದವನು ಅಲ್ಲಿಯ ಪೌರನೂ ಆದೆ. ಹಾಗಾಗಿ ಈಗ ಊರಿಗೆ ಬಂದಿರುವುದು ಕಾನೂನಿನ ಲೆಕ್ಕದಲ್ಲಿ ವಿದೇಶ ವಾಸ. ನನ್ನನ್ನು ಇಲ್ಲಿ ಇರಗೊಡುತ್ತಿರುವುದು ಒಸಿಐ ಎಂಬ ನೀಲಿ ಪುಸ್ತಕ. 'ಸಾಗರೋತ್ತರ ಭಾರತೀಯ ಪೌರ' ಎಂದು ಅದರ ಹೆಸರು. ಪೌರತ್ವವೊಂದನ್ನು ಬಿಟ್ಟು ಉಳಿದ ಬಹುಪಾಲನ್ನು ಅದು ಕೊಡುತ್ತದೆ. ಜೀವಮಾನವಿಡೀ ಎಷ್ಟು ಬಾರಿಯಾದರೂ ಬಂದು ಹೋಗಬಹುದು, ಎಷ್ಟು ಕಾಲವಾದರೂ ಇರಬಹುದು, ಪೊಲೀಸರಲ್ಲಿ ವಿದೇಶಿ ಎಂದು ನೋಂದಾಯಿಸಿಕೊಳ್ಳಬೇಕಾಗಿಲ್ಲ, ಮನೆ ಕೊಳ್ಳಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಆದಾಯ ಎಷ್ಟು, ಠೇವಣಿ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಪನಾಮಾದ ಗೆಳೆಯನಿಗೆ ಇದನ್ನು ಹೇಳಿದಾಗ ಅವನಿಗೆ ಹೊಟ್ಟೆಕಿಚ್ಚಾಯಿತು.

ಆ ಪುಸ್ತಕಕ್ಕೆ ಅರ್ಜಿ ತುಂಬುವಾಗ ಹುಟ್ಟಿದ ಜಿಲ್ಲೆ ಯಾವುದೆಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಮ್ಮ ಅಕ್ಕ 1954ರಲ್ಲಿ ಹುಟ್ಟಿದಾಗ ಆ ಮನೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, ಮರುವರ್ಷದ ಆರಂಭದಲ್ಲಿ ಕಣ್ಣೂರು ಜಿಲ್ಲೆಯ ಭಾಗವಾಯಿತು. ನಾನು 1958ರಲ್ಲಿ ಅದೇ ಕೋಣೆಯಲ್ಲಿ ಹುಟ್ಟುವ ಹೊತ್ತಿಗೆ ಕೋಣೆಯ ರಾಜ್ಯ ಬದಲಾಗಿತ್ತು. 1984ರ ಮೇ 24ರಂದು ಕಾಸರಗೋಡೇ ಒಂದು ಜಿಲ್ಲೆಯಾಯಿತು. ಆಮೇಲೆ ಮಂಜೇಶ್ವರ ತಾಲೂಕು ಹುಟ್ಟಿ ನಮ್ಮ ಗ್ರಾಮ ಅದರೊಳಗೆ ಹೋಯಿತು. ಶಾಲೆಯ ದಾಖಲೆಯಲ್ಲಿ ಒಂದು, ಹಳೆಯ ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಅಮೆರಿಕದ ಪೌರತ್ವ ಪತ್ರದಲ್ಲಿ ಬರೀ 'ಇಂಡಿಯಾ'. ಮನೆ ಕದಲದೆ ನಿಂತಿತ್ತು, ವಿಳಾಸ ಮಾತ್ರ ಸಂಚಾರ ಮಾಡುತ್ತಿತ್ತು. ಕೊನೆಗೆ ಹಳೆಯ ಭಾರತೀಯ ಪಾಸ್‌ಪೋರ್ಟಿನಲ್ಲಿ ಇದ್ದುದನ್ನೇ ಅಕ್ಷರಶಃ ನಕಲು ಮಾಡಿದೆ. ಇಂಥ ಅರ್ಜಿಗಳಲ್ಲಿ ಇತಿಹಾಸ ಸರಿಯಾಗಿರುವುದಕ್ಕಿಂತ ಒಂದು ಕಾಗದಕ್ಕೂ ಇನ್ನೊಂದಕ್ಕೂ ಹೊಂದಿಕೆಯಾಗುವುದು ಮುಖ್ಯ. ಜೊತೆಗೆ ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿದ ಪ್ರಮಾಣಪತ್ರವನ್ನು ಕೇಳುತ್ತಾರೆ. ಅದನ್ನು ಯಾವುದೋ ಡಬ್ಬಿಯಲ್ಲಿ ಹಾಕಿ ಮರೆತವರ ಪಾಡು ನಾಯಿಪಾಡು.

ನನ್ನ ಹೆಂಡತಿ ಕುಂಬಳೆಯವಳು. ಅವಳು ಅಮೆರಿಕದ ಪೌರತ್ವವನ್ನು ಕೊನೆಯವರೆಗೂ ತೆಗೆದುಕೊಳ್ಳಲಿಲ್ಲ. ಅಲ್ಲಿ ಕಾಯಂ ವಾಸಕ್ಕೆ ಕೊಡುವ ಹಸಿರು ಕಾರ್ಡಿನಲ್ಲೇ ಅಷ್ಟೂ ವರ್ಷ ಕಳೆದಳು. ಯಾಕೆ ಎಂದು ಕೇಳಿದರೆ "ಅಗತ್ಯ ಕಾಣಲಿಲ್ಲ" ಎನ್ನುತ್ತಾಳೆ. ಹೊರಡುವ ಮುನ್ನ ಆ ಕಾರ್ಡನ್ನು ಐ-407 ಎಂಬ ಅರ್ಜಿಯ ಮೂಲಕ ಹಿಂದಿರುಗಿಸಿದಳು. ಬಹುಕಾಲ ಇಟ್ಟುಕೊಂಡ ಕಾರ್ಡನ್ನು ಕೊಟ್ಟು ಹೋಗುವವರು 8854 ಎಂಬ ಇನ್ನೊಂದು ಅರ್ಜಿಯಲ್ಲಿ ಆಸ್ತಿಯ ಲೆಕ್ಕ ಒಪ್ಪಿಸಬೇಕು. ಅದು ಮುಗಿದ ಮೇಲೆ ಅವಳಿಗೆ ಆ ದೇಶದ ಹಂಗಿಲ್ಲ. ನನಗೆ ಸಾಯುವವರೆಗೂ ಇದೆ.

ಯಾವಾಗ ಬರಬೇಕು ಎಂಬುದನ್ನು ನಾವಲ್ಲ, ಮಂಗಳೂರಿನ ಲೆಕ್ಕಪರಿಶೋಧಕರು ನಿರ್ಧರಿಸಿದರು. "ಅಕ್ಟೋಬರ್ ಆರಂಭ ಕಳೆದ ಮೇಲೆ ಬನ್ನಿ" ಎಂದರು. ಭಾರತದ ಆರ್ಥಿಕ ವರ್ಷ ಏಪ್ರಿಲಿನಿಂದ ಮಾರ್ಚ್‌ವರೆಗೆ. ಅಕ್ಟೋಬರ್ ಮೊದಲ ವಾರ ದಾಟಿ ಬಂದರೆ ಆ ವರ್ಷ 182 ದಿನ ತುಂಬುವುದಿಲ್ಲ. ನನ್ನಂತೆ ಹಿಂದಿನ ವರ್ಷಗಳಲ್ಲಿ ಹೆಚ್ಚು ಕಾಲ ಊರಲ್ಲಿರದವರು ಅನಿವಾಸಿಯಾಗಿಯೇ ಉಳಿಯುತ್ತಾರೆ. ಮುಂದಿನ ವರ್ಷ ನಿವಾಸಿಯಾದರೂ, ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಎಂಬ ನಡುವಿನ ಮೆಟ್ಟಿಲು ಸಿಗುತ್ತದೆ. ಅದರ ಮೇಲೆ ನಿಂತಿರುವಷ್ಟು ಕಾಲ ಹೊರದೇಶದಲ್ಲಿ ಹುಟ್ಟಿ ಅಲ್ಲೇ ಕೈಸೇರಿದ ಆದಾಯಕ್ಕೆ ಇಲ್ಲಿ ತೆರಿಗೆಯಿಲ್ಲ. ನನ್ನ ಲೆಕ್ಕದಲ್ಲಿ ಅದು ಎರಡು ವರ್ಷ ಬರುತ್ತದೆ. ನಾವು 2024ರ ನವೆಂಬರಿನಲ್ಲಿ ಬಂದೆವು. ಮಳೆಯೂ ಮುಗಿದಿತ್ತು, ತೆರಿಗೆ ಇಲಾಖೆಗೂ ಹವಾಮಾನಕ್ಕೂ ಅಷ್ಟರಮಟ್ಟಿಗೆ ಹೊಂದಾಣಿಕೆಯಿದೆ.

ಮೊದಲು ಕೊಳ್ಳಬಾರದು, ಬಾಡಿಗೆಗೆ ಇರಬೇಕು ಎಂದು ಮೊದಲೇ ತೀರ್ಮಾನಿಸಿದ್ದೆವು. ಕಾಸರಗೋಡು ಪೇಟೆಯಲ್ಲಿ, ನೆಲ್ಲಿಕುಂಜೆಯ ಕಡೆ ಹೋಗುವ ದಾರಿಯಲ್ಲಿ, ಎರಡು ಮಲಗುವ ಕೋಣೆಯ ಮಹಡಿ ಮನೆ ಸಿಕ್ಕಿತು. ತಿಂಗಳಿಗೆ 13,000 ರೂಪಾಯಿ. ಓಹಿಯೋದಲ್ಲಿ ನಾವು ಸ್ವಂತ ಮನೆಗೆ ಕಟ್ಟುತ್ತಿದ್ದ ಆಸ್ತಿ ತೆರಿಗೆಯೊಂದೇ ಇದರ ಎರಡು ಪಟ್ಟಿಗೂ ಮೇಲಿತ್ತು. ಕೆಳಗಿನ ಮನೆಯಲ್ಲಿ ಮಾಲೀಕರೇ ಇದ್ದಾರೆ. ತಳಂಗರೆಯವರು, ಶಾರ್ಜಾದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ಬಂದ ಹಾಜಿಯವರು. ಮುಂಗಡ ಕೊಟ್ಟ ದಿನ ಚಹಾ ತರಿಸಿ ಕೇಳಿದರು:

"ರೈಗಳೇ, ನಮಗೆ ಅಲ್ಲಿ ಇಳಿದ ದಿನವೇ ಗೊತ್ತಿತ್ತು, ವೀಸಾ ಮುಗಿದರೆ ಹೊರಡಬೇಕು ಎಂದು. ನಿಮ್ಮನ್ನು ಯಾರೂ ಹೊರಡಿ ಎನ್ನಲಿಲ್ಲವಲ್ಲ. ಮತ್ತೆ ಯಾಕೆ ಬಂದಿರಿ?"

"ಖರ್ಚು ಹಾಜಿಯವರೇ, ಖರ್ಚು" ಎಂದೆ. ಅವರು ನಂಬಲಿಲ್ಲ. ಅಮೆರಿಕದಲ್ಲಿ ಯಾರಿಗಾದರೂ ಖರ್ಚಿನ ಚಿಂತೆ ಇರುತ್ತದೆ ಎಂಬುದನ್ನು ಕಾಸರಗೋಡಿನಲ್ಲಿ ನಂಬಿಸುವುದು ಕಷ್ಟ.

ಆದರೂ ಅವರ ಮಾತು ನನ್ನನ್ನು ಕೆಲವು ದಿನ ಕಾಡಿತು. ಕೊಲ್ಲಿಗೆ ಹೋದವರಿಗೆ ಅಲ್ಲಿಯ ಪೌರತ್ವ ಸಿಗುವುದಿಲ್ಲ. ಅರ್ಧ ಆಯುಷ್ಯ ಅಲ್ಲಿ ಕಳೆದರೂ ಅವರು ಭಾರತೀಯರಾಗಿಯೇ ಹಿಂದಿರುಗುತ್ತಾರೆ. ಮತಚೀಟಿ, ಪಡಿತರ ಚೀಟಿ ಎಲ್ಲವೂ ಕೈಯಲ್ಲಿರುತ್ತದೆ. ಹಾಜಿಯವರಿಗೆ ಕೇರಳದ 'ಪ್ರವಾಸಿ', ಅಂದರೆ ಹೊರನಾಡಿನಲ್ಲಿ ದುಡಿದವರ, ಕ್ಷೇಮನಿಧಿ ಮಂಡಳಿಯಿಂದ ಪಿಂಚಣಿಯೂ ಬರುತ್ತದೆ. ನನಗೆ ಅಮೆರಿಕ ಪೌರತ್ವ ಕೊಟ್ಟಿತು, ಆ ಕಾರಣಕ್ಕೇ ನಾನು ನನ್ನ ಊರಿನಲ್ಲಿ ವಿದೇಶಿ. 2025ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆದಾಗ ಹೆಂಡತಿ ಮತ್ತು ಹಾಜಿಯವರ ಮನೆಯವರೆಲ್ಲ ಶಾಲೆಯ ಅಂಗಳದಲ್ಲಿ ಸಾಲು ನಿಂತರು. ನಾನು ಗೇಟಿನ ಹೊರಗೆ ಎಳನೀರಿನವನ ಬಳಿ ನಿಂತಿದ್ದೆ. ಪಕ್ಷದ ಹುಡುಗನೊಬ್ಬ ಬಂದು ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿಕೊಡುತ್ತೇನೆಂದು ಹಟ ಹಿಡಿದ. "ಸಿಗುವುದಿಲ್ಲ ಮಾರಾಯ" ಎಂದರೂ ಅವನು ಎರಡು ವಾರ್ಡಿನ ಪಟ್ಟಿ ತಿರುವಿದ.

ಆಧಾರ್ ಇಲ್ಲದೆ ಭಾರತದಲ್ಲಿ ಉಸಿರಾಡಬಹುದು, ಉಳಿದದ್ದೆಲ್ಲ ಕಷ್ಟ. ಒಸಿಐ ಪುಸ್ತಕ ಇರುವವರಿಗೂ ಆಧಾರ್ ಕೊಡುತ್ತಾರೆ. ಅರ್ಜಿ ಹಾಕುವ ದಿನದಿಂದ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನವಾದರೂ ಇಲ್ಲಿದ್ದಿರಬೇಕು, ಮತ್ತು ಆ ಕಾರ್ಡಿಗೆ ಹತ್ತು ವರ್ಷದ ಆಯುಷ್ಯ. ತೆರಿಗೆಗಾಗಿ 182 ದಿನವಾಗದಂತೆ ಎಚ್ಚರಿಕೆ ವಹಿಸಿ ಬಂದವನು ಆಧಾರಿಗಾಗಿ 182 ದಿನ ಯಾವಾಗ ತುಂಬುತ್ತದೆಂದು ಕ್ಯಾಲೆಂಡರ್ ನೋಡುತ್ತಾ ಕುಳಿತೆ. ಅಲ್ಲಿಯವರೆಗೆ ಅಡುಗೆ ಅನಿಲ, ಮೊಬೈಲ್, ಅಂತರ್ಜಾಲದ ಸಂಪರ್ಕ ಎಲ್ಲವೂ ಹೆಂಡತಿಯ ಹೆಸರಿನಲ್ಲಿ. ಮನೆಯೊಡತಿ ಎಂಬುದಕ್ಕೆ ಕಾಗದದ ಬೆಂಬಲ ಸಿಕ್ಕಿದ್ದು ಅವಳಿಗೆ ಬಹಳ ಖುಷಿ ಕೊಟ್ಟಿತು.

ಸರಕಾರಿ ಅರ್ಜಿಗಳನ್ನು ತುಂಬಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದ ದಿನ ಅಲ್ಲಿದ್ದ ಹುಡುಗಿ ನನ್ನ ಅಮೆರಿಕದ ಪಾಸ್‌ಪೋರ್ಟನ್ನೂ ನೀಲಿ ಪುಸ್ತಕವನ್ನೂ ತಿರುವಿ ತಿರುವಿ ನೋಡಿದಳು. ಆಮೇಲೆ ನನ್ನ ಹತ್ತನೆಯ ತರಗತಿಯ ಕನ್ನಡ ಪ್ರಮಾಣಪತ್ರ ನೋಡಿ, ನಾನು ಓದಿದ ಶಾಲೆಯಲ್ಲೇ ತನ್ನ ಅಜ್ಜನೂ ಓದಿದ್ದೆಂದು ತುಳುವಿನಲ್ಲಿ ಹೇಳಿದಳು. ಬೆರಳಚ್ಚು ಯಂತ್ರ ಮಾತ್ರ ಒಪ್ಪಲಿಲ್ಲ. ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ. ಒದ್ದೆ ಬಟ್ಟೆಯಿಂದ ಒರಸಿ, ಹಣೆಯ ಮೇಲೆ ಉಜ್ಜಿ, ಗಾಜಿನ ಮೇಲೆ ಒತ್ತಿ ಹಿಡಿಯುವುದು ಅಲ್ಲಿಯ ವಿದ್ಯೆ. ಹಣೆಯಲ್ಲಿರುವ ಜಿಡ್ಡಿನಿಂದ ಗೆರೆ ಎದ್ದು ಕಾಣುತ್ತದಂತೆ. ನನಗೂ ಫಲಿಸಿತು.

ಭಾಷೆಯ ವಿಚಾರ. ನಾನು ಮಲೆಯಾಳ ಮಾತಾಡುತ್ತೇನೆ, ಓದಲಾರೆ. ನನ್ನ ಪ್ರಾಯದ ಕನ್ನಡ ಶಾಲೆಯವರಲ್ಲಿ ಅನೇಕರು ಹೀಗೆಯೇ. ಕನ್ನಡದಲ್ಲಿ ಸರಕಾರದೊಡನೆ ಪತ್ರ ವ್ಯವಹಾರ ನಡೆಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಇಲ್ಲಿಯ ಕನ್ನಡಿಗರಿಗೆ ಕೊಟ್ಟಿದೆ. ಆ ಧೈರ್ಯದಲ್ಲಿ ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟೆ. ಕಿಟಕಿಯಲ್ಲಿದ್ದವರು ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರು, ಸಭ್ಯರು. ಅರ್ಜಿಯನ್ನು ತಲೆಕೆಳಗಾಗಿ ಹಿಡಿದು ನೋಡಿ, ಇದು ತುಳುವೇ ಎಂದು ಕೇಳಿದರು. ಕನ್ನಡ ಬಲ್ಲ ಗುಮಾಸ್ತರು ರಜೆಯಲ್ಲಿದ್ದರು, ಮುಂದಿನ ವಾರ ಬರಲು ಹೇಳಿದರು. ಮುಂದಿನ ವಾರ ಆ ಗುಮಾಸ್ತರು ಸಿಕ್ಕಿದರು, ಅರ್ಜಿ ಓದಿದರು, ಕೆಲಸವೂ ಆಯಿತು, ಉತ್ತರ ಮಾತ್ರ ಮಲೆಯಾಳದಲ್ಲಿ ಬಂತು. ಹಾಜಿಯವರ ಮಗ ಓದಿ ಹೇಳಿದ. ಇಲ್ಲಿ ವಾಸ ಮಾಡಿರುವ ಕನ್ನಡಿಗರಿಗೆ ಇದರಲ್ಲಿ ಹೊಸತೇನಿಲ್ಲ. ತಮ್ಮನಿಗೆ ಹೇಳಿದಾಗ ಅವನು ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲ. ಅಮೆರಿಕದಲ್ಲಿ ನನ್ನ ಉಚ್ಚಾರಣೆಯನ್ನು ತಿದ್ದಿದವರ ಮೇಲೆ ನನಗೆ ಸಿಟ್ಟು ಬಂದದ್ದಿಲ್ಲ, ಅದು ಅವರ ಊರು. ಇಲ್ಲಿ ಬರುತ್ತದೆ.

ತಮ್ಮನ ವಿಷಯಕ್ಕೆ ಬರುತ್ತೇನೆ. ಪೆರ್ಲದ ಹತ್ತಿರ ಅಮ್ಮನ ಪಾಲಿನ ಅಡಿಕೆ ತೋಟವಿದೆ. ಅವನು ನೋಡಿಕೊಳ್ಳುತ್ತಾನೆ, ನನಗೂ ಅದರಲ್ಲಿ ಪಾಲಿದೆ. ಊರಿನಲ್ಲಿರುವವರಿಂದ ವಾರಸಿಕೆಯಾಗಿ ಬಂದ ಕೃಷಿಭೂಮಿಯನ್ನು ವಿದೇಶಿ ಪೌರನಾದ ಭಾರತ ಮೂಲದವನು ಇಟ್ಟುಕೊಳ್ಳಬಹುದು. ನಾವು ಬಂದ ಹೊಸತರಲ್ಲಿ ತಮ್ಮ ಒಂದು ಸಂಜೆ ಹೇಳಿದ:

"ಅಣ್ಣ, ಪೇಟೆಯಲ್ಲಿ ಬಾಡಿಗೆ ಕೊಟ್ಟು ಯಾಕೆ ಇರುತ್ತೀರಿ? ತೋಟದ ಮೇಲ್ಭಾಗದಲ್ಲಿ ನನ್ನ ಹೆಸರಿನಲ್ಲಿ ಹತ್ತು ಸೆಂಟ್ಸ್ ಇದೆ. ಬರೆದು ಕೊಡುತ್ತೇನೆ, ಅಲ್ಲೇ ಮನೆ ಕಟ್ಟಿ."

ದಸ್ತಾವೇಜು ಬರೆಯುವವರ ಬಳಿ ಹೋದೆವು. ಕನ್ನಡಕದ ಮೇಲಿನಿಂದ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಇವರ ಪಾಸ್‌ಪೋರ್ಟ್ ಯಾವ ದೇಶದ್ದು?" ಕೇಳಿ ತಿಳಿದ ಮೇಲೆ ಲೇಖನಿ ಕೆಳಗಿಟ್ಟರು. ವಾರಸಿಕೆಯಾಗಿ ಬಂದರೆ ತೋಟ ನನ್ನದಾಗಬಹುದು. ಕ್ರಯಕ್ಕಾಗಲೀ ದಾನವಾಗಿಯಾಗಲೀ ಒಸಿಐ ಪುಸ್ತಕದವನು ಕೃಷಿಭೂಮಿ, ತೋಟ, ತೋಟದ ಮನೆ ಪಡೆಯುವಂತಿಲ್ಲ. ನನ್ನ ಪಾಲನ್ನು ಮಾರುವುದಾದರೂ ಭಾರತದಲ್ಲೇ ವಾಸವಿರುವ ಭಾರತೀಯ ಪೌರನಿಗೇ ಮಾರಬೇಕು. ತಮ್ಮನಿಗೆ ಇದು ಅರ್ಥವಾಗಲೇ ಇಲ್ಲ. "ನಾನು ಸತ್ತರೆ ಸಿಗುತ್ತದೆ, ಬದುಕಿದ್ದು ಕೊಟ್ಟರೆ ಸಿಗುವುದಿಲ್ಲವೇ?" ಎಂದು ಅವರೊಡನೆ ಜಗಳಕ್ಕೇ ನಿಂತ. ಅವರು ನಕ್ಕು, "ನಿಮ್ಮ ಅತ್ತಿಗೆಯ ಹೆಸರಿಗೆ ಬರೆಯಿರಿ, ಅವರು ಭಾರತೀಯರಲ್ಲವೇ" ಎಂದರು. ಅಲ್ಲಿಗೆ ಆ ಮಾತು ನಿಂತಿತು. ಹೆಂಡತಿಗೆ ಪೆರ್ಲದ ಗುಡ್ಡದಲ್ಲಿ ವಾಸಿಸುವ ಮನಸ್ಸಿಲ್ಲ, ಅವಳಿಗೆ ಕಡಲು ಬೇಕು, ಕಡಲಿಗಿಂತ ಹೆಚ್ಚಾಗಿ ಮೀನು ಬೇಕು.

ಮೀನಿನ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಬೆಳಗ್ಗೆ ಏಳೂವರೆಗೆ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡವನು ಹಾರ್ನ್ ಒತ್ತುತ್ತಾ ಬರುತ್ತಾನೆ. ಮುಚ್ಚಳ ತೆರೆದರೆ ಮಂಜುಗಡ್ಡೆಯ ಚೂರುಗಳ ನಡುವೆ ಬೂತಾಯಿ, ಬಂಗುಡೆ, ಒಂದು ಮೂಲೆಯಲ್ಲಿ ನಂಗ್. ಹೆಂಡತಿ ಕಿವಿರು ಎತ್ತಿ ನೋಡುತ್ತಾಳೆ, ಬೆರಳಿನಿಂದ ಹೊಟ್ಟೆ ಒತ್ತುತ್ತಾಳೆ, ನಿನ್ನೆಯದೇ ಎಂದು ಕೇಳುತ್ತಾಳೆ, ಅವನು ಅಲ್ಲಾಹನ ಮೇಲೆ ಆಣೆ ಹಾಕುತ್ತಾನೆ. ಬೂತಾಯಿ ಧಾರಾಳ ಬಿದ್ದ ದಿನ ನೂರು ರೂಪಾಯಿಗೆ ಎರಡು ಹೊತ್ತಿಗಾಗುವಷ್ಟು. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಕರ್ನಾಟಕದಲ್ಲಿ ಜೂನ್ ಒಂದರಿಂದಲೇ. ಆ ದಿನಗಳಲ್ಲಿ ಪೆಟ್ಟಿಗೆಯಲ್ಲಿ ಇರುವುದು ಕಡಿಮೆ, ಬೆಲೆ ಎರಡು ಪಟ್ಟು, ಅವನ ಆಣೆಗಳು ಮೂರು ಪಟ್ಟು. ಉಳಿದಂತೆ ತೆಂಗಿನಕಾಯಿ, ನೇಂದ್ರ ಬಾಳೆ, ಕುಚ್ಚಿಲಕ್ಕಿ, ಆಟೋ, ಎರಡು ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲು, ಮನೆಗೆಲಸಕ್ಕೆ ಬರುವ ಅಕ್ಕನ ಸಂಬಳ, ಎಲ್ಲ ಸೇರಿ ಬಾಡಿಗೆ ಹೊರತಾಗಿ ತಿಂಗಳಿಗೆ ನಲವತ್ತು ಸಾವಿರದೊಳಗೆ ಇಬ್ಬರು ಚೆನ್ನಾಗಿ ಬದುಕುತ್ತಿದ್ದೇವೆ. ಇನ್ನೂ ಕಡಿಮೆಯಲ್ಲಿ ಬದುಕುವವರೇ ಸುತ್ತ ಇದ್ದಾರೆ.

ಇಲ್ಲಿಯವರೆಗೆ ಓದಿ ಗಂಟುಮೂಟೆ ಕಟ್ಟಿದವರು ಸ್ವಲ್ಪ ನಿಲ್ಲಬೇಕು. ಕಾಸರಗೋಡಿನ ಅಗ್ಗದ ಬದುಕಿಗೆ ಒಂದು ಷರತ್ತಿದೆ: ಕಾಯಿಲೆ ದೊಡ್ಡದಾಗಿರಬಾರದು. ಜ್ವರ, ಸಕ್ಕರೆ, ರಕ್ತದೊತ್ತಡಕ್ಕೆ ಪೇಟೆಯಲ್ಲಿ ಒಳ್ಳೆಯ ವೈದ್ಯರಿದ್ದಾರೆ. ಎದೆ ಹಿಡಿದುಕೊಂಡರೆ ಮಂಗಳೂರಿಗೆ ಓಡಬೇಕು, ಸುಮಾರು 50 ಕಿಲೋಮೀಟರ್. ಬಹುಕಾಲದಿಂದ ಇಲ್ಲಿಯವರ ದೊಡ್ಡಾಸ್ಪತ್ರೆ ಎಂದರೆ ಮಂಗಳೂರೇ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ಹಿಂದಿರುಗಿದವು, ಚಿಕಿತ್ಸೆ ಸಿಗದೆ ಜನ ಸತ್ತರು, ಪ್ರಕರಣ ಕೇರಳ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ತಲುಪಿತು. ನಾನು ಆಗ ಓಹಿಯೋದಲ್ಲಿ ಕುಳಿತು ತಮ್ಮನಿಗೆ ದಿನಾ ಫೋನು ಮಾಡುತ್ತಿದ್ದೆ. ಮನೆ ಹುಡುಕುವಾಗ ಪೆರ್ಲ ಬೇಡ, ಹೆದ್ದಾರಿಯ ಹತ್ತಿರ ಬೇಕು ಎಂದು ನಾನು ಪಟ್ಟು ಹಿಡಿದದ್ದು ಅದರಿಂದಲೇ. ಹೆದ್ದಾರಿ 66ನ್ನು ಆರು ಪಥಕ್ಕೆ ಅಗಲ ಮಾಡಿದ ಮೇಲೆ ಪ್ರಯಾಣ ಸುಗಮವಾಗಿದೆ, ಆದರೆ ಅಡ್ಡ ದಾಟಲು ಮೊದಲಿನ ಎರಡರಷ್ಟು ದೂರ ಸುತ್ತಬೇಕು.

ಹಿರಿಯರಿಗೆ ಅಮೆರಿಕ ಸರಕಾರ ಕೊಡುವ ಮೆಡಿಕೇರ್ ಎಂಬ ಆರೋಗ್ಯ ವಿಮೆ ದೇಶದ ಹೊರಗೆ ನಯಾಪೈಸೆ ಕೊಡುವುದಿಲ್ಲ. ತೀರ ಅಪರೂಪದ ವಿನಾಯಿತಿಗಳಿವೆ, ಅವು ಕಾಸರಗೋಡಿಗೆ ತಲುಪುವಂಥವಲ್ಲ. ಆಸ್ಪತ್ರೆ ವಾಸದ 'ಎ' ಭಾಗಕ್ಕೆ ಕಂತಿಲ್ಲದ ಕಾರಣ ಅದು ತನ್ನಷ್ಟಕ್ಕೆ ಇದೆ. ವೈದ್ಯರ 'ಬಿ' ಭಾಗಕ್ಕೆ 2025ರಲ್ಲಿ ತಿಂಗಳಿಗೆ 185 ಡಾಲರ್. ಬಿಟ್ಟರೆ, ಮುಂದೆಂದಾದರೂ ಹಿಂದಿರುಗಿ ಸೇರಿಕೊಳ್ಳುವಾಗ ಬಿಟ್ಟಿದ್ದ ಪ್ರತಿ ಹನ್ನೆರಡು ತಿಂಗಳಿಗೆ ಕಂತು ಶೇ 10ರಂತೆ ಏರುತ್ತದೆ, ಅದೂ ಆಜೀವ ದಂಡ. ಮಗಳು ಅಲ್ಲಿದ್ದಾಳೆ, ಹಾಗಾಗಿ ಹೆಂಡತಿ "ಇಟ್ಟುಕೊಳ್ಳಿ" ಎಂದಳು. ನಾನು ಬಿಟ್ಟೆ. ಆ ದುಡ್ಡಿನಲ್ಲಿ ಇಲ್ಲಿ ಇಬ್ಬರಿಗೂ ಆರೋಗ್ಯ ವಿಮೆ ಮಾಡಿಸಿದೆ. ವಿಮೆ ಕೊಳ್ಳಲು 65ರ ವಯೋಮಿತಿ 2024ರ ಏಪ್ರಿಲಿನಿಂದ ಇಲ್ಲ. ಅದು ಇದ್ದಿದ್ದರೆ ನನಗೆ ಬಾಗಿಲು ತೆರೆಯುವುದು ಕಷ್ಟವಿತ್ತು. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು, ನನ್ನ ಸಕ್ಕರೆ ಕಾಯಿಲೆಗೆ ಮೂರು ವರ್ಷವನ್ನೂ ಪೂರ್ತಿ ಹಾಕಿದ್ದಾರೆ. ಮೊದಲ ವರ್ಷ ಕಂತಿನ ಮೇಲೆ ಶೇ 18 ಜಿಎಸ್‌ಟಿ ಕಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ಅದನ್ನು ತೆಗೆದರು. ಎಲ್ಲಿ ಉಳಿತಾಯವಾಯಿತೆಂದು ಹುಡುಕಿದರೆ ಮೂಲ ಕಂತು ಅಷ್ಟರಲ್ಲಿ ಏರಿತ್ತು. ಮೂರು ವರ್ಷ ಕಳೆಯುವವರೆಗೆ ಒಂದಿಷ್ಟು ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿ ಆಸ್ಪತ್ರೆಗೆಂದೇ ಬೇರೆ ಇಟ್ಟಿದ್ದೇವೆ. ಇದು ಇಲ್ಲದೆ ಯಾರೂ ಬರಬೇಡಿ.

ಪಿಂಚಣಿ ಹೇಗೆ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಅಲ್ಲಿಯ ನನ್ನ ಬ್ಯಾಂಕಿಗೆ ಜಮೆಯಾಗುತ್ತದೆ, ಬೇಕಾದಷ್ಟನ್ನು ಇಲ್ಲಿಗೆ ತರಿಸಿಕೊಳ್ಳುತ್ತೇನೆ. ಹತ್ತು ವರ್ಷದ ದುಡಿಮೆ, ಅಂದರೆ 40 ಅಂಕ ಇದ್ದರೆ ಅರ್ಹತೆ. 1958ರಲ್ಲಿ ಹುಟ್ಟಿದವರಿಗೆ ಪೂರ್ತಿ ಮೊತ್ತ ಸಿಗುವುದು 66 ವರ್ಷ 8 ತಿಂಗಳಿಗೆ. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅದಕ್ಕೆ ತೆರಿಗೆ ಹಾಕುವ ಹಕ್ಕು ಅಮೆರಿಕಕ್ಕೆ ಮಾತ್ರ. ಭಾರತದಲ್ಲಿರುವವರ ವ್ಯವಹಾರ ನೋಡಿಕೊಳ್ಳುವ ಕಚೇರಿ ಇರುವುದು ಫಿಲಿಪ್ಪೀನ್ಸಿನ ಮನಿಲಾದಲ್ಲಿ. ಬದುಕಿದ್ದೇನೆ ಎಂದು ಬರೆದು ಕೊಡುವ ಅರ್ಜಿ ಅಂಚೆಯಲ್ಲಿ ಬರುತ್ತದೆ, ತುಂಬಿ ಕಳಿಸದಿದ್ದರೆ ಹಣ ನಿಲ್ಲುತ್ತದೆ. ಅದಕ್ಕಾಗಿ ನಾನು ನಮ್ಮ ಅಂಚೆಯವರೊಡನೆ ಚೆನ್ನಾಗಿದ್ದೇನೆ.

ತಲೆನೋವು ಬೇರೆ ಕಡೆಯಿದೆ. ಅಮೆರಿಕದ ಬ್ಯಾಂಕು ಒಟಿಪಿಯನ್ನು ಅಮೆರಿಕದ ಮೊಬೈಲಿಗೇ ಕಳಿಸುತ್ತದೆ. ಆ ಸಂಖ್ಯೆಯನ್ನು ಜೀವಂತ ಇಡಲು ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೇನೆ. ವಿಳಾಸ ಕಾಸರಗೋಡು ಎಂದು ಬದಲಾಯಿಸಿದ ಮರುತಿಂಗಳೇ ಹೂಡಿಕೆಯ ಒಂದು ಸಂಸ್ಥೆ ಖಾತೆ ಮುಚ್ಚುತ್ತೇವೆಂದು ಪತ್ರ ಬರೆಯಿತು. ಇಲ್ಲಿರುವ ಎಲ್ಲ ಖಾತೆಗಳ ಮೊತ್ತ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಅಮೆರಿಕ ಸರಕಾರಕ್ಕೆ ಎಫ್‌ಬಿಎಆರ್ ಎಂಬ ವರದಿ ಸಲ್ಲಿಸಬೇಕು. ಅದರಲ್ಲಿ ತಮ್ಮನೊಡನೆ ಜಂಟಿಯಾಗಿರುವ, ಅಡಿಕೆ ಮಾರಿದ ದುಡ್ಡು ಬೀಳುವ ಖಾತೆಯೂ ಸೇರುತ್ತದೆ. ಇನ್ನೂ ಒಂದಿದೆ: ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ, ಆದರೆ ಅಮೆರಿಕ ತನ್ನ ಪೌರನ ಆದಾಯವನ್ನು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಲ್ಲಿ ಕಟ್ಟದ ತೆರಿಗೆಗೆ ಅಲ್ಲಿ ವಿನಾಯಿತಿ ಕೇಳುವುದೂ ಸಾಧ್ಯವಿಲ್ಲ. ಹೀಗಾಗಿ ಎಣ್ಮಕಜೆಯಲ್ಲಿ ಕೊಳೆರೋಗಕ್ಕೂ ಮಂಗಕ್ಕೂ ಬಿಟ್ಟು ಉಳಿದ ಅಡಿಕೆಯಲ್ಲಿ ನನ್ನ ಪಾಲಿನ ಮೇಲೆ ವಾಷಿಂಗ್ಟನ್ನಿಗೆ ತೆರಿಗೆ ಹೋಗುತ್ತದೆ. ಇದನ್ನು ಕೇಳಿದ ತಮ್ಮ, ಹಾಗಾದರೆ ಔಷಧಿ ಬಿಡುವ ಖರ್ಚಿನಲ್ಲೂ ಅವರು ಪಾಲು ಕೊಡಲಿ ಎಂದ.

ಮುಂದೆ ನಡುಮೆಟ್ಟಿಲಿನ ಎರಡು ವರ್ಷ ಮುಗಿದಾಗ ಅಮೆರಿಕದಲ್ಲಿರುವ ನಿವೃತ್ತಿ ನಿಧಿಯಿಂದ ತೆಗೆಯುವ ಹಣಕ್ಕೆ ಇಲ್ಲಿಯೂ ತೆರಿಗೆ ಬರುತ್ತದೆ. ನಿಧಿ ಬೆಳೆಯುವ ವರ್ಷ ಬಿಟ್ಟು ಹಣ ತೆಗೆದ ವರ್ಷವೇ ತೆರಿಗೆ ಹಾಕುವಂತೆ ಕೋರಲು ಅವಕಾಶವಿದೆ. ಅದರ ಅರ್ಜಿಯನ್ನು ಮೊದಲ ವರ್ಷವೇ ಹಾಕಬೇಕೆಂದು ಲೆಕ್ಕಪರಿಶೋಧಕರು ಈಗಿನಿಂದಲೇ ಹೇಳುತ್ತಿದ್ದಾರೆ. ಅವರ ಶುಲ್ಕ ಸಣ್ಣದಲ್ಲ. ಇಲ್ಲಿಗೊಬ್ಬರು, ಅಲ್ಲಿಗೊಬ್ಬರು, ಇವರ ವರ್ಷ ಏಪ್ರಿಲಿಗೆ ಶುರುವಾದರೆ ಅವರದು ಜನವರಿಗೆ. ನಮ್ಮ ಮೀನಿನ ಖರ್ಚಿಗಿಂತ ಇವರಿಬ್ಬರ ಖರ್ಚು ಹೆಚ್ಚು.

ಮಳೆಗಾಲದ ಬಗ್ಗೆ ಎರಡು ಮಾತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಊರಿದು. ಹುಟ್ಟಿ ಬೆಳೆದವನಿಗೆ ಮರೆತಿರಲಿಲ್ಲ, ಓಹಿಯೋದಿಂದ ತಂದ ಸಾಮಾನುಗಳಿಗೆ ಗೊತ್ತಿರಲಿಲ್ಲ. ಜುಲೈಯಲ್ಲಿ ಚರ್ಮದ ಬೆಲ್ಟು, ಬೂಟು, ಪುಸ್ತಕಗಳ ಬೆನ್ನು ಎಲ್ಲಕ್ಕೂ ಬೂದು ಬಣ್ಣದ ಬೂಷ್ಟು ಹಿಡಿಯಿತು. ನೀಲಿ ಒಸಿಐ ಪುಸ್ತಕದ ರಟ್ಟಿನ ಮೇಲೂ ಸಾಸಿವೆ ಗಾತ್ರದ ಚುಕ್ಕಿಗಳೆದ್ದಿದ್ದವು. ಒಣ ಬಟ್ಟೆಯಲ್ಲಿ ಒರಸಿ ಅಕ್ಕಿ ಡಬ್ಬಿಯೊಳಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದೇನೆ. ಕಡಲ ಗಾಳಿಗೆ ಎಸಿಯ ಹೊರಭಾಗ ತುಕ್ಕು ಹಿಡಿಯುತ್ತದೆ, ಕಿಟಕಿಯ ಸರಳುಗಳಿಗೆ ಎರಡು ವರ್ಷಕ್ಕೊಮ್ಮೆ ಬಣ್ಣ ಬೇಕು.

ಹಾಗಾದರೆ ಸ್ವಂತ ಮನೆ ಯಾವಾಗ ಎಂದು ಕೇಳುವವರು ಹೆಚ್ಚಾಗಿದ್ದಾರೆ. ವಾಸದ ಫ್ಲಾಟನ್ನು ನಾನು ಕೊಳ್ಳಬಹುದು, ಹಣ ಬ್ಯಾಂಕಿನ ಮೂಲಕ ಹೋಗಬೇಕು ಅಷ್ಟೇ. ವಿದ್ಯಾನಗರದ ಕಡೆ ಎರಡು ನೋಡಿದೆವು. ಹೆಂಡತಿಗೆ ಮೆಟ್ಟಿಲು ಹಿಡಿಸಲಿಲ್ಲ, ನನಗೆ ಬೆಲೆ. ಸದ್ಯಕ್ಕೆ ಹನ್ನೊಂದು ತಿಂಗಳ ಕರಾರನ್ನು ನವೀಕರಿಸುತ್ತಾ ಇದ್ದೇವೆ. ಈ ಬಾರಿ ಹಾಜಿಯವರು ಸಾವಿರ ರೂಪಾಯಿ ಏರಿಸುತ್ತೇನೆ ಎಂದಿದ್ದಾರೆ. ಹೆಂಡತಿ ಐನೂರಕ್ಕೆ ಇಳಿಸುತ್ತೇನೆ ಎನ್ನುತ್ತಾಳೆ. ಮೀನಿನವನೊಡನೆ ಅವಳು ಚೌಕಾಸಿ ಮಾಡುವುದನ್ನು ಹಾಜಿಯವರು ದಿನಾ ಬೆಳಗ್ಗೆ ಕೆಳಗಿನ ಜಗಲಿಯಿಂದ ನೋಡುತ್ತಿರುವುದರಿಂದ ಅವರು ಏಳುನೂರೈವತ್ತಕ್ಕೆ ಒಪ್ಪಿಯಾರು ಎಂದು ನನ್ನ ಅಂದಾಜು.